ಕೀಪರ್ ಕೈಯಲ್ಲಿ ಚೆಂಡಿದ್ದಷ್ಟು ಹೊತ್ತು

ಗೋಲ್‌ಕೀಪರನ್ನು ತಂಡದಿಂದ ತೆಗೆಯಲು ಕಾರಣ ಬರೆದುಕೊಡಿ ಎಂದು ನಿರ್ದೇಶಕರು ಹೇಳಿದ ದಿನ ನನಗೆ ಕಾರಣ ಹುಡುಕುವ ಕಷ್ಟವೇ ಇರಲಿಲ್ಲ. ಅವಳಿಗಾಗಿ ಡೈರಿಯಲ್ಲಿ ಒಂದು ಪುಟವನ್ನೇ ಮೀಸಲಿಟ್ಟಿದ್ದೆ. ಪುಟದ ತಲೆಯಲ್ಲಿ ‘ಎದುರುತ್ತರ’ ಎಂದು ಬರೆದು, ಅವಳು ಮಾತಿಗೆ ಮಾತು ಕೊಟ್ಟಾಗಲೆಲ್ಲ ಒಂದು ಗೆರೆ ಎಳೆದು ಪಕ್ಕದಲ್ಲಿ ದಿನ ಬರೆಯುತ್ತಿದ್ದೆ. ಅಂದಿಗೆ ಒಂಬತ್ತು ಗೆರೆ ಆಗಿದ್ದವು.

ಅದು ನವೆಂಬರ್ ಮೊದಲ ಸೋಮವಾರ. ಆ ವರ್ಷ ನಾನು ಶಿಕಾರಿಪುರದ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಕ್ರೀಡಾ ಬೋಧಕಿ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬುದು ದೈಹಿಕ ಶಿಕ್ಷಣ ನಿರ್ದೇಶಕರ ಸಹಿಯ ಮೇಲೆ ನಿಂತಿತ್ತು. ಹುಡುಗಿಯರ ಫುಟ್‌ಬಾಲ್ ತಂಡವನ್ನು ನನಗೆ ವಹಿಸಿದ್ದರು. ಏಳು ಜನರ ಆಟ. ನಾನು ಆಡಿ ಬೆಳೆದದ್ದು ವಾಲಿಬಾಲ್. ಫುಟ್‌ಬಾಲ್ ನನಗೆ ಬಿ.ಪಿ.ಎಡ್ ಪಠ್ಯದಲ್ಲಿ ಇದ್ದಷ್ಟೇ ಗೊತ್ತು. ತಂಡದಲ್ಲೂ ಕೀಪರ್ ಒಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ವಾಲಿಬಾಲ್ ಅಂಕಣದಿಂದ ಎದ್ದು ಬಂದವರು.

ನಾಲ್ಕು ಅಭ್ಯಾಸ ಪಂದ್ಯ ಮುಗಿದಿದ್ದವು. ಬಿಟ್ಟುಕೊಟ್ಟ ಗೋಲು ಎರಡು, ಹೊಡೆದದ್ದು ಒಂದು. ಆ ಒಂದೂ ಪೆನಾಲ್ಟಿ.

“ತಡಿಯೋದೇನೋ ತಡೀತಾಳ್ರೀ, ಆದ್ರ ನಮ್ಗ ಗೋಲ್ ಆಗವಲ್ವು,” ಎಂದರು ನಿರ್ದೇಶಕರು. “ಮುಂದಿನೋರ್ನ ಕೇಳಿದ್ರ ಹಿಂದಿನೋಳ ಕಡೆ ಬೊಟ್ಟು ಮಾಡ್ತಾರ. ನೀವು ಲೆಕ್ಕ ಇಡೋರು. ಎರಡು ಹಾಳಿ ಬರೀರಿ. ಮುಂದಿಂದು ನಾ ನೋಡ್ಕಂತೀನಿ.”

ಅವರ ಪಕ್ಕದಲ್ಲೇ ನಮ್ಮ ನಾಯಕಿ ನಿಂತಿದ್ದಳು. ಶಿಕಾರಿಪುರದವಳೇ, ತಂಡದ ಸ್ಟ್ರೈಕರ್. “ಅವ್ಳು ಬಾಲ್ ಹಿಡ್ಕಂಡು ಕೂಸು ಎತ್ಕಂಡಂಗ ನಿಂತಿರ್ತಾಳ್ರಿ ಮೇಡಂ,” ಎಂದಳು. “ನಾ ಮುಂದ ನಿಂತು ನಿಂತು ಬೇರು ಬಿಟ್ಟೀನಿ.”

ಡಿಸೆಂಬರ್ ಮೂರನೇ ಭಾನುವಾರ ಸೊರಬದಲ್ಲಿ ಅಲ್ಲಿನ ಕಾಲೇಜಿನ ಎದುರು ನಮ್ಮ ಪಂದ್ಯವಿತ್ತು. ಅದನ್ನು ನೋಡಲು ವಿಶ್ವವಿದ್ಯಾಲಯ ತಂಡದ ಆಯ್ಕೆದಾರರು ಬರುವವರಿದ್ದರು. ಕೀಪರ್ ಕೊನೆಯ ವರ್ಷದ ವಿದ್ಯಾರ್ಥಿನಿ. ಅಂದು ಮೈದಾನಕ್ಕೆ ಇಳಿಯದಿದ್ದರೆ ಅವಳ ಆಟ ಅಲ್ಲಿಗೆ ಮುಗಿಯಿತು. ನಿರ್ದೇಶಕರಿಗೂ ಗೊತ್ತಿತ್ತು, ನಾಯಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಆಗಲಿ ಸರ್ ಎಂದೆ.

ಅವಳ ಮೇಲೆ ನನಗೆ ಯಾಕೆ ಸಿಟ್ಟಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಅವಳ ಊರು ಸೊರಬ ತಾಲೂಕಿನ ಕುಪ್ಪಗಡ್ಡೆ. ಎರಡು ಬಸ್ಸು ಬದಲಿಸಿ ಬರುತ್ತಿದ್ದಳು, ವಾರದಲ್ಲಿ ಎರಡು ದಿನವಾದರೂ ತಡ. ಮೊದಲ ದಿನ ನಾನು ಪರಿಚಯ ಹೇಳಿಕೊಂಡಾಗ ಎಲ್ಲರ ಮುಂದೆ, “ಮೇಡಂ, ನೀವು ವಾಲಿಬಾಲಿನವ್ರು ಅಲ್ದಾ?” ಎಂದಿದ್ದಳು. ಹುಡುಗಿಯರು ನಕ್ಕಿದ್ದರು. ಪುಟದ ಮೊದಲ ಗೆರೆ ಅದೇ.

ಲೆಕ್ಕಕ್ಕೆ ಒಂದು ನಮೂನೆ ಮಾಡಿಕೊಂಡೆ. ಮೈದಾನವನ್ನು ಅಡ್ಡಲಾಗಿ ಮೂರು ಪಟ್ಟಿಯಾಗಿ ಭಾಗಿಸಿದೆ: ನಮ್ಮದು, ನಡುವಿನದು, ಅವರದು. ಕೀಪರ್ ಕೈಗೆ ಚೆಂಡು ಬಂದಾಗಲೆಲ್ಲ ನಾಲ್ಕು ವಿಷಯ ಬರೆಯಬೇಕು: ಹೇಗೆ ಬಿಟ್ಟಳು, ಯಾವ ಪಟ್ಟಿಯಲ್ಲಿ ಬಿತ್ತು, ಮೊದಲು ಯಾರಿಗೆ ಸಿಕ್ಕಿತು, ಅದರಿಂದ ಗೋಲಿನತ್ತ ಒಂದು ಹೊಡೆತವಾದರೂ ಹೋಯಿತೇ. ಕಣ್ತಪ್ಪಿದ್ದನ್ನು ಆಮೇಲೆ ನೋಡಲು ನನ್ನ ಮೊಬೈಲನ್ನು ಕೊಡೆಯ ಹಿಡಿಗೆ ಕಟ್ಟಿ, ಕೊಡೆಯನ್ನು ಗೋಲಿನ ಹಿಂದೆ ನೆಲಕ್ಕೆ ಚುಚ್ಚಿ ವಿಡಿಯೋ ಮಾಡುತ್ತಿದ್ದೆ.

ಎರಡು ವಾರ, ಮೂರು ಪಂದ್ಯ. ಚೆಂಡು ಅವಳ ಕೈ ಸೇರಿದ್ದು ನಲವತ್ತನಾಲ್ಕು ಸಲ. ಕೈಯಿಂದ ಎಸೆದದ್ದು ಮೂವತ್ತೊಂದು, ದೂರಕ್ಕೆ ಒದ್ದದ್ದು ಒಂಬತ್ತು, ಹತ್ತಿರದವರ ಕಾಲಿಗೆ ಉರುಳಿಸಿದ್ದು ನಾಲ್ಕು. ಎಸೆದ ಮೂವತ್ತೊಂದರಲ್ಲಿ ಇಪ್ಪತ್ತೇಳು ನಮ್ಮವರಿಗೇ ಸಿಕ್ಕಿದ್ದವು. ಆದರೆ ನಲವತ್ತನಾಲ್ಕರಿಂದ ಹುಟ್ಟಿದ ಹೊಡೆತ ಮೂರು. ಗೋಲು ಇಲ್ಲ.

ನನಗೆ ಬೇಕಾದದ್ದು ಸಿಕ್ಕಿತ್ತು. ಚೆಂಡು ನಮ್ಮವರಿಗೇ ಸಿಗುತ್ತದೆ, ಆದರೆ ಮುಂದೆ ಹೋಗುವುದಿಲ್ಲ. ಎಸೆತ ಅಂದರೆ ಹೆದರಿಕೆಯ ಆಟ ಎಂದು ತೀರ್ಮಾನಿಸಿದೆ. ‘ಕೀಪರ್ ಆಡುವ ರೀತಿಯೇ ತಂಡದ ಆಕ್ರಮಣಕ್ಕೆ ಅಡ್ಡಿ’ ಎಂದು ಎರಡು ಹಾಳೆ ಬರೆದು, ಕೆಳಗೆ ಹೆಸರು ಹಾಕಿ ನಿರ್ದೇಶಕರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಕೊನೆಯ ಸಾಲು ಮಾತ್ರ ಓದಿದರು. “ಹಿಂಗ್ ಬರೀಬೇಕ್ ನೋಡ್ರಿ,” ಎಂದರು. ಬದಲಿ ಕೀಪರನ್ನೂ ಒಮ್ಮೆ ಆಡಿಸಿ, ಅದನ್ನೂ ಸೇರಿಸಿ ಎಂದರು.

ಮರುದಿನ ಕೀಪರನ್ನು ಕರೆದು, ಇನ್ನು ಮುಂದೆ ಕೈ ಎಸೆತ ಬೇಡ, ಸಿಕ್ಕಿದ್ದನ್ನೆಲ್ಲ ದೂರಕ್ಕೆ ಒದಿ ಎಂದೆ.

“ಒದ್ರೆ ಬಾಲು ಅವ್ರಿಗೇ ಹೋಗ್ತದೆ.”

“ಹೇಳಿದಷ್ಟು ಮಾಡು.”

“ನಮ್ಮಲ್ಲಿ ತಲೆ ಕೊಟ್ಟು ಗೆಲ್ಲೋರು ಯಾರಿದಾರೆ ಹೇಳಿ ಮೇಡಂ. ಬಾಲ್ ಮೇಲಿಂದ ಬಂದ್ರೆ ಎಲ್ರೂ ಕೈ ಎತ್ತಕ್ಕೆ ಹೋಗ್ತಾರೆ.”

ಅದು ನಿಜವೇ. ವಾಲಿಬಾಲ್ ಕೈಗಳು. ಆದರೂ ನಾನು ಹತ್ತನೇ ಗೆರೆ ಎಳೆದೆ.

ಆ ಶನಿವಾರದ ಪಂದ್ಯದಲ್ಲಿ ಅವಳು ನನ್ನ ಮಾತನ್ನು ಅಕ್ಷರಶಃ ಪಾಲಿಸಿದಳು. ಪಕ್ಕದಲ್ಲಿ ನಮ್ಮವಳು ಒಬ್ಬಳೇ ಖಾಲಿ ನಿಂತಿದ್ದರೂ ಒದ್ದಳು. ಇಪ್ಪತ್ತೆರಡು ಸಲ ಒದ್ದಳು. ನಮ್ಮವರಿಗೆ ಸಿಕ್ಕಿದ್ದು ಐದು, ಹೊಡೆತ ಒಂದು. ಕೊನೆಯ ಚೆಂಡನ್ನು ನೇರವಾಗಿ ಬೇಲಿಯಾಚೆಗೆ ಒದ್ದು, ನನ್ನ ಕಡೆ ತಿರುಗಿ, “ಬರ್ಕೊಂಡ್ರಾ ಮೇಡಂ?” ಎಂದಳು.

ಬುಧವಾರ ಬದಲಿ ಕೀಪರನ್ನು ಆಡಿಸಿದೆ. ಅವಳು ಎತ್ತರದ ಹುಡುಗಿ, ಕಾಲಿನಲ್ಲಿ ಶಕ್ತಿಯಿತ್ತು. ಹತ್ತೊಂಬತ್ತು ಸಲ ಚೆಂಡು ಕೈಗೆ ಬಂತು, ಹದಿನೇಳು ಸಲ ದೂರಕ್ಕೆ ಒದ್ದಳು. ನಮ್ಮವರಿಗೆ ಸಿಕ್ಕಿದ್ದು ಆರು. ಹೊಡೆತ ಮತ್ತೆ ಒಂದೇ. ಸಾಲದ್ದಕ್ಕೆ ಎರಡು ಗೋಲು ಬಿಟ್ಟಳು.

ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಕುಳಿತೆ. ಎಸೆದರೂ ಹೊಡೆತವಿಲ್ಲ, ಒದ್ದರೂ ಇಲ್ಲ, ಕೀಪರೇ ಬದಲಾದರೂ ಇಲ್ಲ. ಹಾಗಿದ್ದರೆ ನಾನು ಬರೆದುಕೊಟ್ಟ ಎರಡು ಹಾಳೆಯ ಕೊನೆಯ ಸಾಲು ಎಲ್ಲಿಂದ ಬಂತು? ನಿರ್ದೇಶಕರಿಗೆ ಇನ್ನೊಂದು ವಾರ ಬೇಕು ಎಂದೆ.

“ಲೆಕ್ಕ ಸಾಕು ಮಾಡ್ರಿ,” ಎಂದರು. “ನಿಮ್ಮ ಹಾಳಿ ಆಯ್ಕೆದಾರರಿಗೆ ಕಳಿಸೀನಿ. ತಂಡದ ಬಗ್ಗೆ ಮೊದ್ಲೇ ಏನಾರ ಮಾಹಿತಿ ಇದ್ರ ಕಳಸ್ರಿ ಅಂದಿದ್ರು.”

ಇನ್ನೂ ಮುಗಿಯದ ಲೆಕ್ಕ ನನ್ನ ಹೆಸರು ಹೊತ್ತು ಊರು ಬಿಟ್ಟಿತ್ತು.

ವಿಷಯ ತಂಡದವರ ಕಿವಿಗೂ ಬಿತ್ತು. ನವೆಂಬರ್ ಕೊನೆಯ ಭಾನುವಾರ ನಾವು ಬಳ್ಳಿಗಾವಿಗೆ ಹೊರಟಿದ್ದೆವು. ಹೊರಗಿನ ಒಂದು ಕಾಲೇಜಿನ ಹುಡುಗಿಯರು ಅಲ್ಲಿ ಸೇವಾ ಶಿಬಿರಕ್ಕೆ ಬಂದಿದ್ದರು. ಸಂಜೆ ಹೈಸ್ಕೂಲು ಮೈದಾನದಲ್ಲಿ ಅವರ ಜೊತೆ ಆಟ ಎಂದು ನಿಗದಿಯಾಗಿತ್ತು. ಟೆಂಪೋದಲ್ಲಿ ಕೀಪರ್ ಎದ್ದು ನಿಂತು ನಾಯಕಿಯನ್ನು ನೇರವಾಗಿ ಕೇಳಿದಳು.

“ನನ್ ಹೆಸ್ರು ಬರ್ಸಿದ್ದು ನೀನೇ ಅಲ್ದನೇ?”

“ನಾ ಯಾಕ ಬರಸ್ಲಿ? ನಿನ್ ಆಟನೇ ಬರಸ್ತು.”

“ಗೋಲ್ ಹೊಡಿಯಕ್ಕೆ ಬರಲ್ಲ ಅಂತ ಒಪ್ಕೋ ಮಾರಾಯ್ತಿ, ಸುಮ್ನೆ ನನ್ ಮೇಲೆ ಎಂತಕ್ಕೆ ಹಾಕ್ತಿ?”

ನಾಯಕಿ ಉಳಿದವರತ್ತ ತಿರುಗಿ, “ಕೇಳ್ರಲೇ, ಇವತ್ತು ಯಾರೂ ಅವ್ಳಿಗೆ ಕೈ ಕೊಡಂಗಿಲ್ಲ. ಸೇವ್ ಮಾಡ್ಲಿ, ಏನರ ಮಾಡ್ಲಿ,” ಎಂದಳು. ಐದೂ ಜನ ತಲೆಯಾಡಿಸಿದರು. ಡ್ರೈವರ್ ಪಕ್ಕದ ಸೀಟಿನಲ್ಲಿದ್ದ ನಾನು ತಿರುಗಿಯೂ ನೋಡಲಿಲ್ಲ. ಅದೂ ನಾನು ಬರೆದಿಟ್ಟುಕೊಂಡ ಸಂಗತಿಗಳಲ್ಲಿ ಒಂದು.

ಕೈ ಕೊಡುವುದು ಎಂದರೇನೆಂದು ಹೇಳಬೇಕು. ವಾಲಿಬಾಲಿನಲ್ಲಿ ಪ್ರತಿ ಪಾಯಿಂಟು ಮುಗಿದ ಮೇಲೆ ಆರೂ ಜನ ನಡುವಿಗೆ ಬಂದು ಅಂಗೈಗೆ ಅಂಗೈ ತಟ್ಟಿ ಮತ್ತೆ ತಮ್ಮ ಜಾಗಕ್ಕೆ ಹೋಗುತ್ತಾರೆ. ಪಾಯಿಂಟು ಗೆದ್ದರೂ ಸರಿ, ಸೋತರೂ ಸರಿ. ನಮ್ಮ ತಂಡದಲ್ಲೂ ಅದೇ ರೂಢಿಯಿತ್ತು. ಕೀಪರ್ ಚೆಂಡು ಹಿಡಿದರೆ ಹಿಂದಿನ ಆಟಗಾರ್ತಿಯರು ಅವಳ ಬಳಿ ಓಡಿ, ಒಬ್ಬೊಬ್ಬರೇ ಅಂಗೈ ತಟ್ಟಿ ಹೋಗುತ್ತಿದ್ದರು. ಅಷ್ಟು ಹೊತ್ತು ಅವಳು ಚೆಂಡನ್ನು ಒಂದು ಕಂಕುಳಲ್ಲಿ ಇರುಕಿಕೊಂಡು ಇನ್ನೊಂದು ಕೈ ಚಾಚಿ ನಿಂತಿರುತ್ತಿದ್ದಳು.

ಬಳ್ಳಿಗಾವಿಯಲ್ಲಿ ಯಾರೂ ಅವಳ ಬಳಿ ಬರಲಿಲ್ಲ. ಮೊದಲ ಸೇವ್ ಆದಾಗ ಹಿಂದಿನ ಇಬ್ಬರೂ ಬೇಕೆಂದೇ ಬೆನ್ನು ತಿರುಗಿಸಿ ಮುಂದೆ ನಡೆದರು. ಕೀಪರ್ ಒಂದು ಕ್ಷಣ ಅವರ ಬೆನ್ನು ನೋಡಿದಳು. ಆಮೇಲೆ ಸಿಟ್ಟಿನಿಂದಲೇ ಚೆಂಡನ್ನು ತಲೆಯ ಮೇಲಿಂದ ಬೀಸಿ ಎಸೆದಳು. ಅದು ನಡುವಿನ ಪಟ್ಟಿ ದಾಟಿ ಬಿತ್ತು. ನಾಯಕಿ ತನಗೇ ಆಶ್ಚರ್ಯವಾಗುವಷ್ಟು ಒಬ್ಬಂಟಿಯಾಗಿದ್ದಳು. ಎದುರಾಳಿಗಳು ಇನ್ನೂ ನಮ್ಮ ಗೋಲಿನ ಮುಂದಿದ್ದರು. ಗೋಲು.

ಪಂದ್ಯ ಮೂರು-ಒಂದಕ್ಕೆ ಮುಗಿಯಿತು. ಮೂರೂ ನಮ್ಮವು, ಮೂರೂ ಕೀಪರ್ ಎಸೆತದಿಂದ ಹುಟ್ಟಿದವು. ಹದಿನಾಲ್ಕು ಸಲ ಚೆಂಡು ಕೈಗೆ ಬಂದಿತ್ತು, ಹೊಡೆತ ಆರು. ವಾಪಸು ಬರುವಾಗ ಟೆಂಪೋದಲ್ಲಿ ಕೀಪರ್ ಒಂದು ತುದಿಗೆ, ಉಳಿದವರೆಲ್ಲ ಇನ್ನೊಂದು ತುದಿಗೆ ಕುಳಿತರು. ಗೆದ್ದ ತಂಡ ಎಂದು ಯಾರೂ ಹೇಳುವಂತಿರಲಿಲ್ಲ.

ಮರುದಿನ ಮಧ್ಯಾಹ್ನ ಕ್ರೀಡಾ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಎಲ್ಲ ವಿಡಿಯೋ ಮತ್ತೆ ಹಾಕಿದೆ. ನನ್ನ ನಮೂನೆಯ ನಾಲ್ಕೂ ಕಾಲಂಗಳಲ್ಲಿ ಬಳ್ಳಿಗಾವಿಗೂ ಹಿಂದಿನ ಪಂದ್ಯಗಳಿಗೂ ಇಷ್ಟು ವ್ಯತ್ಯಾಸ ಯಾಕೆ ಎಂಬುದಕ್ಕೆ ಉತ್ತರವಿರಲಿಲ್ಲ. ಎಸೆತ ಅದೇ, ಎಸೆದವಳು ಅವಳೇ. ಐದನೇ ಕಾಲಂ ಒಂದನ್ನು ಎಳೆದೆ: ಚೆಂಡು ಕೈಗೆ ಬಂದಾಗಿನಿಂದ ಬಿಡುವ ತನಕ ಎಷ್ಟು ಸೆಕೆಂಡು. ಸ್ಟಾಪ್‌ವಾಚ್ ಹಿಡಿದು ಒಂದೊಂದನ್ನೂ ಮೂರು ಸಲ ಎಣಿಸಿದೆ. ಹಿಂದಿನ ಪಂದ್ಯಗಳಲ್ಲಿ ಹೆಚ್ಚಿನವು ಒಂಬತ್ತರ ಆಸುಪಾಸು, ಅತಿ ಹೆಚ್ಚು ಹದಿಮೂರು. ಬದಲಿ ಕೀಪರ್ ಆಡಿದ ದಿನವೂ ಒಂಬತ್ತು. ಬಳ್ಳಿಗಾವಿಯಲ್ಲಿ ಮೂರು.

ಒಂಬತ್ತು ಸೆಕೆಂಡಿನಲ್ಲಿ ಏನಾಗುತ್ತಿತ್ತು ಎಂಬುದೂ ಅದೇ ವಿಡಿಯೋದಲ್ಲಿತ್ತು. ನಮ್ಮ ಹಿಂದಿನವರು ಕೀಪರ್ ಬಳಿ ಸೇರಿ ಅಂಗೈ ತಟ್ಟುತ್ತಿದ್ದರು. ಎದುರಾಳಿಗಳು ನಿಧಾನವಾಗಿ, ಮಾತಾಡಿಕೊಂಡು ತಮ್ಮ ಜಾಗಕ್ಕೆ ನಡೆದು ಹೋಗುತ್ತಿದ್ದರು. ಒಬ್ಬಳು ದಾರಿಯಲ್ಲಿ ಶೂ ಲೇಸು ಕಟ್ಟಿಕೊಂಡಳು. ಅದಾದ ಮೇಲೆ ಎಸೆದರೇನು, ಒದ್ದರೇನು? ಸೊರಬದಂಥ ಅಧಿಕೃತ ಪಂದ್ಯದಲ್ಲಿ ಇನ್ನೂ ಕೆಟ್ಟದಾಗುತ್ತಿತ್ತು. ಈಚೆಗೆ ಬಂದ ನಿಯಮದಂತೆ ಕೀಪರ್ ಎಂಟು ಸೆಕೆಂಡು ಮೀರಿ ಚೆಂಡು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್; ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ, ಒಂದೊಂದೇ ಬೆರಳು ಮಡಚುತ್ತ ಎಣಿಸುತ್ತಾರೆ. ಅಭ್ಯಾಸ ಪಂದ್ಯದಲ್ಲಿ ಅದನ್ನು ಯಾರೂ ಎಣಿಸಿರಲಿಲ್ಲ.

ಅಂಗೈ ತಟ್ಟುವುದು ಯಾವಾಗ ಶುರುವಾಯಿತು ಎಂದು ಡೈರಿ ಹಿಂದಕ್ಕೆ ತಿರುವಿದೆ. ಆಗಸ್ಟಿನ ಎರಡನೇ ವಾರ. ನನ್ನದೇ ಅಕ್ಷರ. ‘ಇಂದಿನಿಂದ ಪ್ರತಿ ಸೇವ್ ಆದ ಮೇಲೆ ಎಲ್ಲರೂ ಕೀಪರ್‌ಗೆ ಕೈ ತಟ್ಟಬೇಕೆಂದು ನಿಯಮ ಮಾಡಿದೆ. ಒಗ್ಗಟ್ಟು ಕಾಣುತ್ತಿದೆ.’ ಕೆಳಗೆ ಎರಡು ಗೆರೆ ಎಳೆದು ಒತ್ತು ಕೊಟ್ಟಿದ್ದೆ.

ಆಮೇಲೆ ‘ಎದುರುತ್ತರ’ ಪುಟ ತೆಗೆದೆ. ಮೂರನೇ ಗೆರೆಯ ಪಕ್ಕ: ‘ಕೈ ತಟ್ಟುವಾಗ, ಈಗ ಬೇಡ ಎಂದು ಮುಖ ಸಿಂಡರಿಸಿದಳು.’ ನಾಲ್ಕನೇ ಗೆರೆ: ‘ಇದು ವಾಲಿಬಾಲ್ ಅಲ್ಲ ಮೇಡಂ, ಆಟ ನಿಲ್ಲಲ್ಲ ಎಂದಳು.’ ಏಳನೇ ಗೆರೆ: ‘ಬಾಲ್ ಕೈಲಿದ್ದಾಗ ಇವ್ರನ್ನ ನನ್ ಹತ್ರ ಕಳಿಸ್ಬೇಡಿ ಎಂದಳು. ಅಹಂಕಾರ.’ ಮೂರು ಸಲ ಹೇಳಿದ್ದಳು. ಮೂರನ್ನೂ ದಿನದ ಸಮೇತ ಬರೆದಿಟ್ಟಿದ್ದೆ. ಒಂದನ್ನೂ ಕೇಳಿಸಿಕೊಂಡಿರಲಿಲ್ಲ.

ಮಂಗಳವಾರ ನಿರ್ದೇಶಕರ ಮುಂದೆ ಹೊಸ ಹಾಳೆ ಇಟ್ಟೆ.

“ಹಂಗಾರ ತಪ್ಪು ಯಾರ್ದು ಅಂತೀರಿ?”

“ನಂದು ಸರ್.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎರಡು ವಾರದ ಹಿಂದ ಅವ್ಳು ಅಂದ್ರಿ. ಈಗ ನಾನು ಅಂತೀರಿ. ನಾಳೆ ನನ್ನ ಹೆಸರು ಬರೀತೀರೇನ್ರೀ?” ಎಂದರು. ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. “ಆಡಸ್ರಿ. ಸೊರಬದಾಗ ಸೋತ್ರ ಮಾತ್ರ ಮುಂದಿನ ವರ್ಷ ನೀವು ಬೇರೆ ಕಡೆ ನೋಡ್ಕಳ್ರಿ.”

ಆಯ್ಕೆದಾರರಿಗೆ ಹೋದ ಹಳೆಯ ಹಾಳೆ ವಾಪಸು ತರಿಸಬಹುದೇ ಎಂದು ಕೇಳಬೇಕಿತ್ತು. ಆ ಹೊತ್ತಿಗೆ ನನಗೆ ಧೈರ್ಯ ಸಾಲಲಿಲ್ಲ.

ತಂಡದವರಿಗೆ ಹೇಳಿದಾಗ ಯಾರಿಗೂ ಸಮಾಧಾನವಾಗಲಿಲ್ಲ. “ಅಂದ್ರ ಅವ್ಳೇ ಗೆದ್ಲು ಅನ್ರಿ,” ಎಂದಳು ನಾಯಕಿ. ಎಡಬದಿಯ ಡಿಫೆಂಡರ್, ಕೈ ತಟ್ಟುವುದನ್ನು ಎಲ್ಲರಿಗಿಂತ ಪ್ರೀತಿಯಿಂದ ಮಾಡುತ್ತಿದ್ದವಳು, ಅಳುವುದೊಂದು ಬಾಕಿ. ಕೀಪರ್ ಗೋಲಿನ ಕಂಬಕ್ಕೆ ಒರಗಿ ನಿಂತಿದ್ದಳು.

“ನೀನು ಹೇಳಿದ್ದೆ,” ಎಂದೆ ಅವಳಿಗೆ.

“ಹೂಂ. ನೀವು ಬರ್ಕೊಂಡ್ರಿ.”

ಉಳಿದದ್ದು ಮೂರು ವಾರ. ಕಲಿಸಬೇಕಾದದ್ದು ಎರಡು ಸಂಗತಿ. ಮೊದಲನೆಯದು, ಕೀಪರ್ ಚೆಂಡು ಹಿಡಿದ ಕೂಡಲೇ ಹಿಂದಿನವರು ಅವಳಿಗೆ ಬೆನ್ನು ತೋರಿಸಿ ಎರಡು ಅಂಚಿಗೆ ಓಡಬೇಕು. ಎರಡನೆಯದು ನಾಯಕಿಗೆ: ಚೆಂಡು ಕೀಪರ್ ಕೈ ಬಿಟ್ಟ ಮೇಲೆ ಓಡುವುದಲ್ಲ, ಕೀಪರ್ ಹಿಡಿಯಲು ನೆಲ ಬಿಟ್ಟ ಕ್ಷಣದಲ್ಲೇ ಓಟ ಶುರು ಮಾಡಬೇಕು. ನಾಯಕಿಗೆ ಇದು ಒಪ್ಪಿಗೆಯಾಗಲಿಲ್ಲ. ಬಾಲ್ ಎಲ್ಲಿಗೆ ಬರುತ್ತದೆ ಎಂದು ಗೊತ್ತಿಲ್ಲದೆ ಎಲ್ಲಿಗೆ ಓಡಲಿ ಎಂದು ಕೂಗಿದಳು.

“ನೀ ಇದ್ದಲ್ಲಿಗೆ ಎಸೆಯಲ್ಲ ಕಣೇ, ನೀ ಹೋಗೋ ಕಡೆಗೆ ಎಸೀತೀನಿ,” ಎಂದು ಕೀಪರ್ ಅಷ್ಟೇ ಜೋರಾಗಿ ಕೂಗಿದಳು. “ಭತ್ತದ ನಟ್ಟಿ ಮಾಡದು ನೋಡಿದೀಯನೇ ಯಾವತ್ತಾದ್ರೂ? ನೆಡೋರು ಹಿಂದ್ಹಿಂದೆ ಬರ್ತಾರೆ. ಸಸಿ ಕಟ್ಟು ಎಸೆಯೋರು ಅವ್ರ ಕೈಗೆ ಎಸೆಯಲ್ಲ, ಬೆನ್ನ ಹಿಂದೆ ಎಸೀತಾರೆ. ಅವ್ರು ಅಲ್ಲಿಗೆ ಬರೋ ಹೊತ್ತಿಗೆ ಕಟ್ಟು ಅಲ್ಲಿರ್ಬೇಕು. ಹನ್ನೆರಡು ವರ್ಷದಿಂದ ಗದ್ದೇಲಿ ಎಸ್ದಿದೀನಿ, ಒಬ್ರೂ ನಿನ್ ತರ ಬಾಯಿ ಮಾಡ್ಲಿಲ್ಲ.”

ಹೀಗೆ ಎಸೆಯಲು ಎಲ್ಲಿ ಕಲಿತೆ ಎಂದು ಅವಳನ್ನು ನಾಲ್ಕು ತಿಂಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ನಿತ್ಯ ನಲವತ್ತು ಎಸೆತ ಅಭ್ಯಾಸ ಮಾಡಿಸಿದೆ. ಮೊದಲ ದಿನ ನಾಯಕಿಯ ಓಟಕ್ಕೆ ಸರಿಯಾಗಿ ಬಿದ್ದದ್ದು ಹನ್ನೊಂದು. ಕೊನೆಯ ದಿನ ಇಪ್ಪತ್ತೊಂಬತ್ತು. ಇಬ್ಬರೂ ಪರಸ್ಪರ ಬೈದುಕೊಂಡೇ ಇದನ್ನು ಸಾಧಿಸಿದರು.

ಸೊರಬದ ಮೈದಾನದ ನಡುವೆ ಕ್ರಿಕೆಟ್ಟಿನ ಸಿಮೆಂಟ್ ಪಿಚ್ ಇದೆ. ಪಂದ್ಯಕ್ಕೆಂದು ಅದರ ಮೇಲೆ ತೆಳ್ಳಗೆ ಕೆಂಪು ಮಣ್ಣು ಹರಡಿದ್ದರು. ಸುತ್ತ ಜನ ಆಗಲೇ ನೆರೆದಿದ್ದರು. ನಮ್ಮ ಕೀಪರ್ ಗೋಲಿನತ್ತ ನಡೆಯುತ್ತಿದ್ದಂತೆ ಹಿಂದಿನಿಂದ ಶುರುವಾಯಿತು.

“ಓಯ್ ಕುಪ್ಪಗಡ್ಡೆ! ನಮ್ ಬಸ್ಸಲ್ಲಿ ಹತ್ಕಂಡ್ ಹೋಗಿ ಅವ್ರ ಗೋಲ್ ಕಾಯ್ತೀಯನೇ?”

“ಸಂಜೆ ಬಸ್ಸಲ್ಲಿ ಸೀಟ್ ಬಿಡಲ್ಲ ನೋಡು! ನಿಂತ್ಕಂಡೇ ಹೋಗು ಊರಿಗೆ!”

ಅವಳು ತಿರುಗಿ ನೋಡಲಿಲ್ಲ. ಕೈಗವಸಿನ ಪಟ್ಟಿ ಹಲ್ಲಿನಿಂದ ಎಳೆದು ಬಿಗಿದುಕೊಂಡಳು.

ಹದಿನಾಲ್ಕನೇ ನಿಮಿಷದಲ್ಲಿ ಒಳ್ಳೆಯ ಹೊಡೆತವೊಂದನ್ನು ಹಾರಿ ಹಿಡಿದಳು. ನಾಯಕಿ ಓಡಿದಳು. ಬಲಗಡೆಯವಳು ಓಡಿದಳು. ಎಡಗಡೆಯ ಡಿಫೆಂಡರ್ ಮಾತ್ರ, ಮೂರು ವಾರ ಕಲಿಸಿದ್ದೆಲ್ಲ ಮರೆತು, ಅಂಗೈ ಎತ್ತಿಕೊಂಡು ನೇರ ಕೀಪರ್ ಎದುರಿಗೆ ಬಂದಳು. ಎಸೆಯಲು ಬೀಸಿದ ಕೈ ಅವಳ ಭುಜಕ್ಕೆ ತಾಗಿ ನಿಂತಿತು. “ಹೋಗೇ ಆಚೆ!” ಎಂದು ಕೀಪರ್ ಕೂಗಿದ್ದು ನನ್ನವರೆಗೆ ಕೇಳಿಸಿತು. ಇನ್ನೊಂದು ಬದಿಗೆ ತಿರುಗಿ ಎಸೆಯುವಷ್ಟರಲ್ಲಿ ರೆಫರಿಯ ಎತ್ತಿದ ಕೈಯ ಐದೂ ಬೆರಳು ಮಡಚಿದ್ದವು. ಕಾರ್ನರ್. ಆ ಕಾರ್ನರಿನಿಂದಲೇ ಗೋಲು. ಜನ ಸೀಟಿ ಹೊಡೆದರು. ನಾಲ್ಕು ತಿಂಗಳ ಹಿಂದೆ ನಾನು ಮಾಡಿದ ನಿಯಮಕ್ಕೆ ಅಂದು ಗೋಲು ತೆತ್ತೆವು.

ವಿರಾಮದಲ್ಲಿ ನಿರ್ದೇಶಕರು ಬೇಲಿಯ ಬಳಿಗೆ ಬಂದರು. “ಕೀಪರ್ ಬದಲ್ಸ್ರಿ. ಚೀಟಿ ಬರೀರಿ.”

ಬದಲಾವಣೆಯ ಚೀಟಿ ಪುಸ್ತಕ ನನ್ನ ಕೈಯಲ್ಲಿತ್ತು. ಬದಲಿ ಕೀಪರ್ ಕೈಗವಸು ಹಾಕಿಕೊಂಡು ಎದ್ದೂ ನಿಂತಿದ್ದಳು. ನಾಯಕಿ ನೀರು ಕುಡಿಯುತ್ತ, “ಮೇಡಂ, ಈಗ ನೋಡ್ರಿ ನಿಮ್ ಲೆಕ್ಕ,” ಎಂದಳು. ಕೀಪರ್ ಯಾರ ಮುಖವನ್ನೂ ನೋಡದೆ ಗೋಲಿನ ಬಳಿಯೇ ಕುಳಿತಿದ್ದಳು. ಬದಲಿಸುತ್ತಾರೆ ಎಂದು ಅವಳು ಲೆಕ್ಕ ಹಾಕಿಬಿಟ್ಟಿದ್ದಳು.

ಚೀಟಿ ಬರೆದೆ. ಎಡಗಡೆಯ ಡಿಫೆಂಡರ್ ಹೊರಗೆ, ಬದಲಿ ಕೀಪರ್ ಡಿಫೆಂಡರ್ ಜಾಗಕ್ಕೆ. ಸಹಿ ಮಾಡಿ ಪಂದ್ಯದ ಅಧಿಕಾರಿಗೆ ಕೊಟ್ಟು ಬಂದೆ.

“ಏನ್ರೀ ಬರದ್ರಿ?”

“ತಪ್ಪು ಮಾಡಿದೋರ್ನ ಹೊರಗೆ ಕೂರಿಸ್ದೆ ಸರ್. ಇನ್ನೊಬ್ರು ನಾನು, ಹೊರಗೇ ಇದೀನಿ.”

ಅವರು ಬೇಲಿ ಬಿಟ್ಟು ಆಯ್ಕೆದಾರರು ಕುಳಿತಿದ್ದ ಕಡೆ ನಡೆದರು.

ಎರಡನೇ ಅರ್ಧದ ಹೊತ್ತಿಗೆ ಪಿಚ್ಚಿನ ಮೇಲಿನ ಮಣ್ಣು ಕಾಲುಗಳಿಗೆ ಸಿಕ್ಕಿ ಚದುರಿತ್ತು. ನಡುವೆ ಸಿಮೆಂಟು ಬೋಳಾಗಿ ಕಾಣುತ್ತಿತ್ತು. ಎಂಟನೇ ನಿಮಿಷ ಅವರ ಕಾರ್ನರ್. ಕೀಪರ್ ಎಲ್ಲರ ತಲೆಯ ಮೇಲಿಂದ ಚೆಂಡು ಕಿತ್ತುಕೊಂಡಳು. ಕಾಲು ನೆಲಕ್ಕೆ ತಾಗುವ ಮೊದಲೇ ನಾಯಕಿ ಓಟಕ್ಕಿಳಿದಿದ್ದಳು. ಎಸೆತ ಎಂದಿಗಿಂತ ಕೆಳಗಾಯಿತು, ಗುರಿ ಮುಟ್ಟುವುದಿಲ್ಲ ಎಂದುಕೊಂಡೆ. ಅದು ನೇರ ಸಿಮೆಂಟಿನ ಮೇಲೆ ಬಿದ್ದು, ಪುಟಿಯದೆ ಜಾರಿ, ವೇಗ ಕಳೆದುಕೊಳ್ಳದೆ ಮುಂದೆ ಹೋಯಿತು. ನಾಯಕಿಯ ಕಾಲಿಗೆ ಸಿಕ್ಕಾಗ ಅವಳ ಮುಂದೆ ಅವರ ಕೀಪರ್ ಒಬ್ಬಳೇ. ಒಂದು-ಒಂದು.

ಆಮೇಲೆ ಅವರ ಆಟ ಬದಲಾಯಿತು. ನಮ್ಮ ಕೀಪರ್ ಕೈಗೆ ಚೆಂಡು ಬಂದರೆ ಇಬ್ಬರು ಓಡಿ ನಾಯಕಿಯ ಅಕ್ಕಪಕ್ಕ ನಿಲ್ಲತೊಡಗಿದರು. ಅಷ್ಟರಮಟ್ಟಿಗೆ ನಮ್ಮ ಮೇಲೆ ದಾಳಿಗೆ ಬರುವವರು ಇಬ್ಬರು ಕಡಿಮೆಯಾದರು, ಅಂಚುಗಳು ಖಾಲಿಯಾದವು. ಕೀಪರ್ ಇದನ್ನು ನನಗಿಂತ ಮೊದಲೇ ಕಂಡಿರಬೇಕು. ಆಟ ಮುಗಿಯಲು ನಾಲ್ಕು ನಿಮಿಷವಿದ್ದಾಗ ಎಸೆಯುವಂತೆ ಕೈ ಬೀಸಿ, ಎಸೆಯದೆ, ಚೆಂಡನ್ನು ಎಡ ಅಂಚಿಗೆ ಉರುಳಿಸಿದಳು. ಅಲ್ಲಿದ್ದವಳು ಬದಲಿ ಕೀಪರ್. ಅಡ್ಡಿಯಿಲ್ಲದೆ ಅರ್ಧ ಮೈದಾನ ಓಡಿ, ಆ ಗಟ್ಟಿ ಕಾಲಿನಿಂದ ಹೊಡೆದಳು. ಎರಡು-ಒಂದು.

ಆ ಅರ್ಧದಲ್ಲಿ ಚೆಂಡು ಕೈಯಲ್ಲಿದ್ದ ಹೊತ್ತು ಎಲ್ಲ ಸಲವೂ ನಾಲ್ಕು ಸೆಕೆಂಡಿನೊಳಗೆ. ಬರೆದಿಟ್ಟಿದ್ದೇನೆ.

ಪಂದ್ಯ ಮುಗಿದ ಅರ್ಧ ಗಂಟೆಗೆ ಆಯ್ಕೆದಾರರು ಶಾಮಿಯಾನದ ಕೆಳಗೆ ಪಟ್ಟಿ ಓದಿದರು. ನಮ್ಮ ನಾಯಕಿ ವಿಶ್ವವಿದ್ಯಾಲಯ ತಂಡದ ತರಬೇತಿ ಶಿಬಿರಕ್ಕೆ. ನಮ್ಮ ಕೀಪರ್ ಕಾಯ್ದಿರಿಸಿದವರ ಪಟ್ಟಿಗೆ. ಅಂದರೆ ಮೇಲಿನವರು ಯಾರಾದರೂ ಕೈಕಾಲು ಮುರಿದುಕೊಂಡರೆ ಕರೆಯುತ್ತಾರೆ. ಆಯ್ಕೆದಾರರ ಮುಂದಿದ್ದ ಕಡತದಲ್ಲಿ ನನ್ನ ಎರಡು ಹಾಳೆ ಪಿನ್ ಮಾಡಿದ್ದು ದೂರದಿಂದಲೇ ಕಂಡಿತು.

ಕೀಪರ್ ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಹೊರಟವಳು ನನ್ನ ಮುಂದೆ ನಿಂತಳು.

“ನೀವು ಬರ್ದ ಆ ರಿಪೋರ್ಟಲ್ಲಿ ನನ್ ಹೆಸ್ರು ಎಷ್ಟ್ ಸಲ ಇದೆ ಮೇಡಂ?”

ನನಗೆ ಗೊತ್ತಿತ್ತು. “ಹದಿನಾಲ್ಕು.”

“ನಿಮ್ಮದು?”

“ಒಂದು. ಕೆಳಗೆ, ಸಹಿ ಹತ್ರ.”

“ಸಾಲಲ್ಲ,” ಎಂದು ಹೇಳಿ ಹೊರಟುಹೋದಳು.

ಆಯ್ಕೆದಾರರು ಕಾರಿಗೆ ಸಾಮಾನು ತುಂಬುತ್ತಿದ್ದರು. ಹಿರಿಯರಾದ ಹೆಂಗಸೊಬ್ಬರ ಮುಂದೆ ಡೈರಿ ತೆರೆದು ಹಿಡಿದೆ. ಆಗಸ್ಟಿನ ನಿಯಮ, ಮೂರು ಗೆರೆ, ಐದನೇ ಕಾಲಂ, ಎಲ್ಲ ತೋರಿಸಿದೆ. ಆ ಹಾಳೆ ತಪ್ಪು, ಬರೆದದ್ದು ನಾನು, ತಪ್ಪೂ ನನ್ನದು ಎಂದೆ. ಸ್ವಲ್ಪ ದೂರದಲ್ಲಿ ನಿರ್ದೇಶಕರು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

“ಬಾಯಲ್ಲಿ ಹೇಳಿದ್ರೆ ಏನು ಪ್ರಯೋಜನ? ಬರೆದು ಕೊಡಿ,” ಎಂದರು ಆಕೆ. ಕಾರಿನ ಬಾನೆಟ್ ಮೇಲೆ ಹಾಳೆ ಇಟ್ಟು ಬರೆದೆ. ಅದರಲ್ಲಿ ನನ್ನ ಹೆಸರು ಒಂಬತ್ತು ಕಡೆ ಇದೆ. ಅವರು ಮಡಚಿ ಕಡತಕ್ಕೆ ಸೇರಿಸಿ ಕಾರು ಹತ್ತಿದರು.

ಹನ್ನೊಂದನೇ ದಿನ ತಿದ್ದಿದ ಪಟ್ಟಿ ಬಂತು. ಕೀಪರ್ ಹೆಸರು ಮೇಲಿನ ಪಟ್ಟಿಗೆ ಹೋಗಿತ್ತು. ನನ್ನ ಮುಂದಿನ ವರ್ಷದ ಕಾಗದಕ್ಕೆ ನಿರ್ದೇಶಕರು ಈವರೆಗೆ ಸಹಿ ಹಾಕಿಲ್ಲ. ತಂಡ ಗೆದ್ದಿತಲ್ಲ ಸರ್ ಎಂದು ಕೇಳಿದ್ದಕ್ಕೆ, “ಗೆದ್ದೋರು ಅವ್ರು,” ಎಂದರು.

ಶಿಬಿರಕ್ಕೆ ಹೊರಡುವ ಹಿಂದಿನ ದಿನ ಕೀಪರ್ ಆಯ್ಕೆ ಪತ್ರ ತೆಗೆದುಕೊಂಡು ಹೋಗಲು ಕಾಲೇಜಿಗೆ ಬಂದಳು. ಮೂರು ಕಡೆ ಸಹಿ ಮಾಡಿದಳು. ನಿಯಮದಂತೆ ಕೊಡಬೇಕಾದ ಪ್ರತಿಗಳನ್ನೆಲ್ಲ ಕೊಟ್ಟೆ. ಅವಳು ಬಾಗಿಲ ಕಡೆ ತಿರುಗಿದಾಗ ನನ್ನ ಬಲಗೈ ತಾನಾಗಿ ಮೇಲೆದ್ದಿತು, ಅಂಗೈ ಅವಳ ಕಡೆಗೆ.

ಅವಳು ಅದನ್ನು ನೋಡಿದಳು.

“ಬಸ್ ಹೋಗ್ತದೆ ಮೇಡಂ,” ಎಂದು ಹೇಳಿ ಓಡಿದಳು. ನಾನು ಕೈ ಇಳಿಸುವ ಮೊದಲೇ ಗೇಟು ದಾಟಿದ್ದಳು.